ಕುಟ್ಟದ ಬಸ್ಸಿನ ಬೋರ್ಡು

ನನಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಎಂದು ಅವ್ವ ಹೇಳುತ್ತಿದ್ದಳು. ಅಂಥವಳು ದಿನವಿಡೀ ತಗಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಅಕ್ಷರ ಬರೆಯುವ ಕೆಲಸಕ್ಕೆ ಬಿದ್ದದ್ದು ಹೇಗೋ, ದೇವರಿಗೇ ಗೊತ್ತು. ಮದುವೆಯಾಗಿ ಮಾನಂತವಾಡಿಗೆ ಬಂದಾಗ ನಮ್ಮ ಮನೆಯವರಿಗೆ ಬಸ್ ಸ್ಟ್ಯಾಂಡಿನ ಹಿಂದೆ ಬೋರ್ಡು ಬರೆಯುವ ಅಂಗಡಿ ಇತ್ತು. ಅವರು ಅಕ್ಷರದ ಅಂಚು ಬರೆದಿಡುವರು, ನಾನು ಒಳಗೆ ಬಣ್ಣ ತುಂಬುವೆ. ಆರು ತಿಂಗಳಲ್ಲಿ ಅವರ ಗೆರೆಯಲ್ಲಿ ತಪ್ಪು ಹುಡುಕತೊಡಗಿದೆ. ವರ್ಷ ತುಂಬುವ ಹೊತ್ತಿಗೆ ಗೆರೆಯನ್ನೂ ನಾನೇ ಎಳೆಯುತ್ತಿದ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಏಣಿ ಹತ್ತಿ ಗೋಡೆ ಬರೆಯುವುದು ಅವರಿಗೆ, ಒಳಗೆ ಕೂತು ಬೋರ್ಡು ಬರೆಯುವುದು ನನಗೆ ಎಂದಾಯಿತು.

ಜಿಲ್ಲೆ ಹೊಸದಾಗಿ ಆದ ಕಾಲ ಅದು. ಅಲ್ಲಿಯವರೆಗೆ ನಮ್ಮ ಕಡೆ ಕಣ್ಣೂರಿಗೆ ಸೇರಿತ್ತು, ದಕ್ಷಿಣದ ಕಡೆ ಕಲ್ಲಿಕೋಟೆಗೆ. ಒಂದು ಬೆಳಿಗ್ಗೆ ಎಲ್ಲರೂ ವಯನಾಡು ಜಿಲ್ಲೆಯವರಾದೆವು. ಆಫೀಸು, ಆಸ್ಪತ್ರೆ, ಗೊಬ್ಬರದ ಅಂಗಡಿ, ಹೊಲಿಗೆ ಕ್ಲಾಸು, ಎಲ್ಲ ಬೋರ್ಡುಗಳಲ್ಲೂ ಜಿಲ್ಲೆಯ ಹೆಸರು ಬದಲಾಗಬೇಕಿತ್ತು. ಹಳೆಯ ಹೆಸರು ಕೆರೆದು ಹೊಸದನ್ನು ಬರೆದರೆ ಸಾಲದು, ಇಡೀ ಬೋರ್ಡೇ ಹೊಸದಾಗಿ ಕಾಣಬೇಕೆಂದು ಎಲ್ಲರಿಗೂ ಒಂದೇ ಹುಚ್ಚು. ನನಗಂತೂ ಇದು ಹಬ್ಬ. ಒಂದು ಬೋರ್ಡು ಒಣಗುವಷ್ಟರಲ್ಲಿ ಇನ್ನೊಂದಕ್ಕೆ ಕೈ ಹಾಕುತ್ತಿದ್ದೆ. ಒಣಗುವ ತನಕ ಕಾಯುವುದೇ ದೊಡ್ಡ ಶಿಕ್ಷೆ.

ಆಗಲೇ ಬಸ್ಸಿನ ಮಾಲೀಕರು ಬಂದದ್ದು. ಊರೆಲ್ಲ ಅವರನ್ನು ಮೊದಲಾಳಿ ಎನ್ನುತ್ತಿತ್ತು. ಅವರ ಬಸ್ಸುಗಳಿಗೆ ಒಂದೊಂದಕ್ಕೂ ಒಂದೊಂದು ಥರದ ಬೋರ್ಡು. ಕುಟ್ಟಕ್ಕೆ ಹೋಗುವ ಬಸ್ಸಿನದು ಕೆಂಪು. ಬಣ್ಣ ಎದ್ದು, ಮೇಲಿನ ಅಕ್ಷರ ಓದು ಬಂದವರಿಗೂ ಕಾಣುತ್ತಿರಲಿಲ್ಲ. ತಿರುನೆಲ್ಲಿಗೆ ಹೋಗುವುದರದು ನೀಲಿ, ಮೂಲೆಯಲ್ಲೊಂದು ದೀಪದ ಚಿತ್ರ. ಮೊದಲಾಳಿಗೆ ಅವನ್ನೆಲ್ಲ ನೋಡಿ ನಾಚಿಕೆಯಾಗಿತ್ತು. "ಎಲ್ಲ ಒಂದೇ ಪೋಲೆ ಇರಬೇಕು," ಎಂದರು. ಒಂದೇ ಪೋಲೆ ಎಂದರೆ ಒಂದೇ ಥರ. ಹಳದಿ ತಗಡು, ಕಪ್ಪು ಅಕ್ಷರ, ಚಿತ್ರಗಿತ್ರ ಏನೂ ಬೇಡ. ಮಲಯಾಳಂ ಮತ್ತು ಇಂಗ್ಲಿಷ್.

"ಕನ್ನಡ?" ಎಂದೆ.

"ಕನ್ನಡ ಎಂದಿನು?" ಎಂದರು. ಯಾಕೆ ಎಂದು.

ಕುಟ್ಟ ಇರುವುದು ಕರ್ನಾಟಕದಲ್ಲಿ, ತಿರುನೆಲ್ಲಿಯ ದೇವಸ್ಥಾನಕ್ಕೆ ಕೊಡಗಿನಿಂದ ಜನ ಬರುತ್ತಾರೆ ಎಂದೆಲ್ಲ ವಾದ ಮಾಡಿದೆ. ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿ ಇದ್ದದ್ದು ಕೊಡಗಿನವರಲ್ಲ, ಅವ್ವ. ಬೇಗೂರು ಕಾಡು ದಾಟಿ, ತೋಲ್ಪೆಟ್ಟಿಗೆ ಸ್ವಲ್ಪ ಈಚೆ ನನ್ನ ತವರು. ಹಿಂದೆ ಎಂದೋ ಮೈಸೂರು ಕಡೆಯಿಂದ ಬಂದು ಗದ್ದೆ ಮಾಡಿಕೊಂಡ ಮನೆತನ. ಅಣ್ಣ ಓದಿದ್ದು ಮಲಯಾಳಂ ಶಾಲೆಯಲ್ಲಿ, ಅವನಿಗೆ ಮಾತು ಕನ್ನಡ, ಅಕ್ಷರ ಮಲಯಾಳಂ. ನನ್ನನ್ನು ಮಾತ್ರ ಅಪ್ಪ ಹಟ ಮಾಡಿ ಕುಟ್ಟದ ಕನ್ನಡ ಶಾಲೆಗೆ ಹಾಕಿದ್ದ. ಅಪ್ಪ ತೀರಿಹೋದ ಮೇಲೆ ಆ ಮನೆಯಲ್ಲಿ ಕನ್ನಡ ಓದುವವಳು ಅವ್ವ ಒಬ್ಬಳೇ. ಸಂಜೆ ದೀಪದ ಮುಂದೆ ಕೂತು ಅಪ್ಪನ ಹಳೆಯ ದೇವರ ಪುಸ್ತಕದ ಪುಟ ತಿರುಗಿಸುತ್ತ ರಾಗವಾಗಿ ಹೇಳುತ್ತಿದ್ದಳು. ಮದುವೆಯಾದ ಮೇಲೆ ನಾನು ಬರೆದ ಕಾಗದಗಳನ್ನೆಲ್ಲ ತಗಡಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಳು. ಬಂದಾಗೆಲ್ಲ, "ಓದ್ದೆ ಕಣ್ ಮಗಾ, ಮುತ್ತಿನಂಗೆ ಬರ್ದಿದ್ದೀಯೆ," ಎನ್ನುವಳು.

ಹದಿನೈದು ದಿನಕ್ಕೊಮ್ಮೆ ಅವ್ವ ಒಬ್ಬಳೇ ಬಸ್ಸು ಹತ್ತಿ ನನ್ನಲ್ಲಿಗೆ ಬರುತ್ತಿದ್ದಳು. ಕೆಸುವಿನ ಸೊಪ್ಪು, ಮೊಸರು, ಒಂದು ಸೀಸೆ ಜೇನು. ಮಧ್ಯಾಹ್ನ ಊಟ ಮಾಡಿ, ಸಂತೆಬೀದಿಯಲ್ಲಿ ಒಂದು ಸುತ್ತು ಹಾಕಿ, ನಾಲ್ಕರ ಬಸ್ಸಿಗೆ ಹಿಂತಿರುಗುವಳು. ಅಪ್ಪ ಹೋದ ಮೇಲೆ ಅವಳಿಗೆ ಉಳಿದ ಸುಖ ಅದೊಂದೇ. ಸ್ಟ್ಯಾಂಡಿನ ತನಕ ಬರುತ್ತೇನೆ ಎಂದರೆ ಬಿಡುತ್ತಿರಲಿಲ್ಲ. "ನಾನೇನ್ ಕೂಸಾ? ನಿನ್ ಕೆಲ್ಸ ನೋಡ್ಕೊ ಹೋಗು," ಎಂದು ಸೆರಗು ಸಿಕ್ಕಿಸಿ ಹೊರಟುಬಿಡುವಳು. ಚಕ್ರ ನನ್ನ ಕಾಲಿಗೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಮೊದಲಾಳಿ ಒಪ್ಪಿದರು. ತಗಡಿನ ಅಳತೆ ಮಾತ್ರ ಒಂದಂಗುಲವೂ ಹೆಚ್ಚಾಗಕೂಡದು. ಒಂದು ಹೆಸರಿನ ಜಾಗದಲ್ಲಿ ಮೂರು ಹೆಸರು, ಒಂದರ ಪಕ್ಕ ಒಂದು. ಅಕ್ಷರ ಚಿಕ್ಕದು ಮಾಡಿದರೆ ದೂರಕ್ಕೆ ಕಾಣದು. ಎತ್ತರ ಹಾಗೇ ಇಟ್ಟು ಅಗಲವನ್ನು ಮಾತ್ರ ಹಿಂಡಬೇಕು.

ದಾರಿ ತೋರಿಸಿದ್ದು ಪಕ್ಕದ ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುವ ಮುದುಕರು. ಸಿನಿಮಾ ಮತ್ತು ಚುನಾವಣೆಯ ಪೋಸ್ಟರಿಗೆಂದು ಅವರಲ್ಲಿ ಮರದಲ್ಲಿ ಕೊರೆದ ದೊಡ್ಡ ಇಂಗ್ಲಿಷ್ ಅಕ್ಷರಗಳಿದ್ದವು. ದಪ್ಪ, ಎತ್ತರ, ಸಪೂರ. ಒಂದಕ್ಕೊಂದು ಭುಜ ತಾಗಿಸಿ ನಿಲ್ಲುವಂಥವು. ಪುಸ್ತಕದ ಇಂಗ್ಲಿಷ್ ಅಕ್ಷರಗಳ ಕಾಲ ತುದಿಯಲ್ಲಿ ಸಣ್ಣ ಗೀಟು ಇರುತ್ತದಲ್ಲ, ಇವಕ್ಕೆ ಅದಿಲ್ಲ. "ಇವಕ್ಕೆ ಚಪ್ಪಲಿ ಇಲ್ಲ, ಬರಿಗಾಲು," ಎಂದು ಮುದುಕರು ನಕ್ಕರು. "ಬಸ್ಸಿನಲ್ಲಿ ಜಾಗ ಇಲ್ಲದಾಗ ಎಲ್ಲರೂ ಒಂದೇ ಬದಿ ತಿರುಗಿ ನಿಲ್ಲುವುದಿಲ್ಲವೇ, ಹಾಗೆ." ನಾಲ್ಕು ಅಕ್ಷರ ಕೈಗೆ ತೆಗೆದುಕೊಂಡು ಬೆರಳಾಡಿಸಿದೆ. ಅವತ್ತು ಮಧ್ಯಾಹ್ನ ಊಟ ಮಾಡಿದ ನೆನಪಿಲ್ಲ.

ಇಂಗ್ಲಿಷಿನದು ಸುಲಭ, ಅದರ ಮೈಯೆಲ್ಲ ಕಂಬ. ನಮ್ಮ ಅಕ್ಷರಗಳಲ್ಲಿ ಕಂಬ ಎಲ್ಲಿದೆ? ಎಲ್ಲವೂ ಗುಂಡು. ಬಳೆಯನ್ನು ಎರಡು ಬದಿಯಿಂದ ಒತ್ತಿದಂತೆ ಒಂದೊಂದನ್ನೂ ಒತ್ತಬೇಕು: ಎರಡು ಪಕ್ಕ ನೆಟ್ಟಗೆ, ಮೇಲೂ ಕೆಳಗೂ ಮಾತ್ರ ತಿರುವು. ತಲೆಕಟ್ಟನ್ನು ಮೊಟಕು ಮಾಡಿದೆ. ಇನ್ನು ಒತ್ತಕ್ಷರ. ಅದು ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬಿಟ್ಟರೆ ಮೇಲಿನದು ಗಿಡ್ಡವಾಗುತ್ತದೆ. ಮೂರು ದಿನ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದೆ, ಹರಿದೆ, ಬರೆದೆ. ಒತ್ತನ್ನು ಹಿಡಿಯಷ್ಟು ಮಾಡಿ ಕಾಲ ಸಂದಿಯಲ್ಲಿ ತುರುಕಿದೆ. ನಮ್ಮ ಮನೆಯವರು ಬಂದು ನೋಡಿ, "ಉಸಿರು ಬಿಡೋಕೆ ಜಾಗ ಇದೆಯೇನೆ ಅದಕ್ಕೆ?" ಎಂದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಹೆಂಗಸರಿಗೂ ಸಲ್ಲುತ್ತದೆ. ನಾನು ಕೇಳಿಸಿಕೊಳ್ಳಲಿಲ್ಲ.

ಬೋರ್ಡುಗಳು ಬಸ್ಸಿನ ಮುಂದಿನ ಗಾಜಿನ ಮೇಲೆ ಕೂತ ದಿನ ಸ್ಟ್ಯಾಂಡಿನಲ್ಲಿ ನಿಂತು ನೋಡಿದೆ. ಹಳದಿಯ ಮೇಲೆ ಕಪ್ಪು, ಮೂರು ಲಿಪಿ, ಎಲ್ಲವೂ ಒಂದೇ ಎತ್ತರ, ಒಂದೇ ದಪ್ಪ. ನಮ್ಮ ಊರಿನ ದಾರಿಯ ಬಸ್ಸಿನ ಹಣೆಯ ಮೇಲೆ ಕನ್ನಡ! ಹೆಮ್ಮೆಯಾಯಿತು, ಯಾಕೆ ಮುಚ್ಚಿಡಲಿ. ಅವ್ವ ನೋಡಿ ಏನೆನ್ನುತ್ತಾಳೋ ಎಂದು ಎಂಟು ದಿನ ಚಡಪಡಿಸಿದೆ. ಅವಳು ಬಂದ ದಿನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಅವ್ವ ಬಹಳ ಹೊತ್ತು ನೋಡಿದಳು.

"ಎಲ್ಲ ಒಂದೇ ಥರ ಮಾಡಿದ್ದೀ," ಎಂದಳು.

"ಚೆನ್ನಾಗಿದೆಯಾ?"

"ಚಂದಾಗೈತೆ ಮಗಾ. ಚಂದಾಗೈತೆ."

ಅವತ್ತು ಸಂಜೆಯೇ ಅವ್ವ ತಪ್ಪು ಬಸ್ಸು ಹತ್ತಿದಳು.

ತಿರುನೆಲ್ಲಿ ಬಸ್ಸು. ಜನ ಕಿಕ್ಕಿರಿದು, ಟಿಕೆಟ್ಟು ಕೊಡುವ ಕಂಡಕ್ಟರ್ ಅವಳ ತನಕ ಬಂದಿರಲೇ ಇಲ್ಲ. ಕಾಡಿನ ನಡುವೆ ದಾರಿ ಕವಲಾಗಿ ಬಸ್ಸು ಎಡಕ್ಕೆ ತಿರುಗಿದ ಮೇಲೆ, ಮರಗಳ ಗುರುತು ತಪ್ಪಿದ್ದು ನೋಡಿ ಗಾಬರಿಯಾಗಿ ಬಸ್ಸು ನಿಲ್ಲಿಸಿ ಇಳಿದಿದ್ದಳು. ಹಿಂದಕ್ಕೆ ಕವಲಿನ ತನಕ ನಡೆದು, ಅಲ್ಲಿಂದ ಮನೆಯ ಕಡೆ ಒಬ್ಬಳೇ ಹೊರಟಿದ್ದಳು. ದಾರಿಯಲ್ಲಿ ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತಂತೆ. ಸೌದೆ ಹೊತ್ತು ಹಾಡಿಗೆ ಹೋಗುತ್ತಿದ್ದ ಇಬ್ಬರು ಕಾಡಿನ ಹೆಂಗಸರು ಸಿಕ್ಕದಿದ್ದರೆ ಏನಾಗುತ್ತಿತ್ತೋ. ಅವರು ತಮ್ಮ ಹೊರೆ ದಾರಿಬದಿ ಇಳಿಸಿಟ್ಟು ಅವ್ವನನ್ನು ಮನೆಯಂಗಳದ ತನಕ ಬಿಟ್ಟು ಹೋದರು.

ಮಾರನೆಯ ದಿನ ಅಣ್ಣನೇ ಬಂದು ಹೇಳಿದ್ದು. ಕೂರಲೂ ಇಲ್ಲ. "ಇನ್ನು ಅವ್ವ ಒಬ್ಬಳೇ ಎಲ್ಲೂ ಹೋಗಾದು ಬ್ಯಾಡ. ಮತಿ, ಸಾಕು. ನಂಗೆ ಬಿಡುವಾದಾಗ ಕರ್ಕೊಂಡ್ ಬತ್ತೀನಿ." ಅಣ್ಣನ ಬಿಡುವು ನನಗೆ ಗೊತ್ತು. ಗದ್ದೆ, ಮೆಣಸು, ಕಾಫಿ ಎಂದು ವರ್ಷಕ್ಕೆ ಎರಡು ದಿನ ಸಿಕ್ಕರೆ ಹೆಚ್ಚು.

"ಅವ್ವ ಏನಂತಾಳೆ?"

"ಕಣ್ಣಿಗೆ ಜೊಂಪು ಹತ್ತಿತ್ತು ಅಂತಾಳೆ."

ನಾಲ್ಕು ಗಂಟೆಗೆ ಸ್ಟ್ಯಾಂಡಿನಲ್ಲಿ ನಿಂತವಳಿಗೆ ಎಂಥ ಜೊಂಪು? ತಪ್ಪು ನನ್ನ ಅಕ್ಷರದ್ದೇ ಎಂದುಕೊಂಡೆ. ಓಡಿಹೋಗಿ ರಸ್ತೆಯ ಆಚೆ ನಿಂತು ನೋಡಿದೆ. ನಾನು ಬರೆಯುವಾಗ ಮೂಗಿನ ಮುಂದಿಟ್ಟುಕೊಂಡು ನೋಡಿದ್ದೆನೇ ಹೊರತು ದೂರದಿಂದ ನೋಡಿರಲಿಲ್ಲ. ದಪ್ಪ ಮಾಡುವ ಹುಮ್ಮಸ್ಸಿನಲ್ಲಿ ಅಕ್ಷರಗಳ ಹೊಟ್ಟೆಯೊಳಗಿನ ಹಳದಿಯನ್ನೆಲ್ಲ ಕಪ್ಪು ನುಂಗಿಬಿಟ್ಟಿತ್ತು. ಇಪ್ಪತ್ತು ಮಾರು ದೂರಕ್ಕೆ ಕುಟ್ಟವೂ ಬಿದಿರಿನ ಬೇಲಿ, ತಿರುನೆಲ್ಲಿಯೂ ಬಿದಿರಿನ ಬೇಲಿ.

ಅವ್ವನ ತಿರುಗಾಟ ನಿಂತುಹೋಗುವುದು ನನ್ನ ಕುಂಚದಿಂದ ಎಂದಾದರೆ ನಾನು ಬದುಕಿ ಏನು ಪ್ರಯೋಜನ? ಮೊದಲಾಳಿಯನ್ನು ಕೇಳದೆ ಎರಡೂ ಬೋರ್ಡು ಬಿಚ್ಚಿ ತಂದು ಕೆರೆದೆ. ಹೊಟ್ಟೆಯೊಳಗಿನ ಜಾಗವನ್ನು ಮೊದಲು ಬರೆದು, ಅದರ ಸುತ್ತ ಕಪ್ಪು ಹಾಕಿದೆ. ಎರಡು ಗೆರೆ ಕೂಡುವಲ್ಲಿ ಒಂದನ್ನು ತೆಳ್ಳಗೆ ಮಾಡಿದೆ. ಅಕ್ಷರದ ಒಳಗಿನ ಹಳದಿ, ಅಕ್ಷರಗಳ ನಡುವಿನ ಹಳದಿ, ಎರಡೂ ಸಮ ಕಾಣುವ ತನಕ ತಿದ್ದಿದೆ. ತಲೆಕೆಳಗು ಮಾಡಿ ನೋಡಿದೆ, ಕಣ್ಣು ಅರೆ ಮುಚ್ಚಿ ನೋಡಿದೆ, ರಸ್ತೆ ದಾಟಿ ನೋಡಿದೆ. ದಿನಕ್ಕೆ ಎಷ್ಟು ಸಲ ರಸ್ತೆ ದಾಟುತ್ತಿದ್ದೆನೋ, ಎದುರಿನ ಚಾಯದಂಗಡಿಯವನು, "ಚೇಚಿಗೆ ತಲೆ ಕೆಟ್ಟಿತು," ಅಕ್ಕನಿಗೆ ಹುಚ್ಚು ಹಿಡಿಯಿತು ಎಂದು ಎಲ್ಲರಿಗೂ ಸಾರಿದ. ಕೆಟ್ಟರೆ ಕೆಡಲಿ. ಕೊನೆಗೆ ಅಕ್ಷರ ಉಸಿರಾಡಿತು. ದಪ್ಪವೂ ಇತ್ತು, ಸಪೂರವೂ ಇತ್ತು, ಸ್ಟ್ಯಾಂಡಿನ ಗೇಟಿನಿಂದ ಓದಲೂ ಬರುತ್ತಿತ್ತು.

ಅಣ್ಣನಿಗೆ ಹೇಳಿ ಕಳಿಸಿದೆ: ಅವ್ವನನ್ನು ಒಮ್ಮೆ ಕರೆದುಕೊಂಡು ಬಾ, ಅವಳು ದೂರದಿಂದ ಓದಿ ತೋರಿಸುತ್ತಾಳೆ, ಆಮೇಲೆ ನಿನ್ನ ಮಾತು ಆಡು. ಅವನು ಕರೆದುಕೊಂಡು ಬಂದ. ಅವತ್ತಿನ ನನ್ನ ಅಹಂಕಾರ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವ್ವನನ್ನು ರಸ್ತೆಯ ಆಚೆ ಚಾಯದಂಗಡಿಯ ಮುಂದೆ ನಿಲ್ಲಿಸಿದೆ. ಈಚೆ ಅಂಗಡಿಯ ಗೋಡೆಗೆ ಎರಡು ಬೋರ್ಡು ಒರಗಿಸಿದೆ. ಅಣ್ಣ, ನಮ್ಮ ಮನೆಯವರು, ಪ್ರೆಸ್ಸಿನ ಮುದುಕರು, ಎಲ್ಲರೂ ನೋಡುತ್ತಿದ್ದರು.

"ಕುಟ್ಟ ಯಾವುದವ್ವ?" ಎಂದು ಕೂಗಿದೆ.

ಅವ್ವ ತಿರುನೆಲ್ಲಿಯ ಕಡೆ ಕೈ ತೋರಿದಳು.

ದೂರವಾಯಿತು ಎಂದು ಎರಡು ಬೋರ್ಡನ್ನೂ ಎತ್ತಿಕೊಂಡು ರಸ್ತೆಯ ಅರ್ಧಕ್ಕೆ ಹೋದೆ. ಎಡಬಲ ಬದಲಿಸಿ ಹಿಡಿದೆ. ಅವ್ವ ನನ್ನ ಮುಖ ನೋಡಿದಳು, ಬೋರ್ಡು ನೋಡಿದಳು, ಮತ್ತೆ ತಿರುನೆಲ್ಲಿಯನ್ನೇ ತೋರಿದಳು. ನನಗೆ ಸಿಟ್ಟು ಬಂತು. ಅಷ್ಟು ದಿನದ ಕೆಲಸ! ಕುಟ್ಟದ ಬೋರ್ಡನ್ನು ತೆಗೆದುಕೊಂಡು ಹೋಗಿ ಅವಳ ಎದೆಯ ಮುಂದೆ ಹಿಡಿದು, "ಓದವ್ವ! ಎರಡೇ ಅಕ್ಷರ, ಓದು!" ಎಂದು ಗದರಿಸಿದೆ.

ಅವ್ವ ಅಕ್ಷರದ ಮೇಲೆ ಬೆರಳಿಟ್ಟಳು. ಅವತ್ತು ಬೆಳಿಗ್ಗೆಯೂ ತಿದ್ದಿದ್ದರಿಂದ ಬಣ್ಣ ಪೂರ್ತಿ ಒಣಗಿರಲಿಲ್ಲ. ಕಪ್ಪಾದ ಬೆರಳನ್ನು ಸೆರಗಿನ ಒಳಬದಿಗೆ ಒರೆಸಿಕೊಂಡು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ಆ ಕೆಂಪು ಬೋರ್ಡ ಎಲ್ಲಿಗ್ ಬಿಸಾಕ್ದೆ ಮಗಾ?"

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಎಲ್ಲ ಒಟ್ಟಿಗೇ ಅರ್ಥವಾಯಿತು. ದೀಪದ ಮುಂದಿನ ಪುಸ್ತಕ: ಅಪ್ಪ ಓದಿದ್ದನ್ನು ಕೇಳಿ ಕೇಳಿ ಬಾಯಿಗೆ ಬಂದದ್ದು. ತಗಡಿನ ಪೆಟ್ಟಿಗೆಯ ಕಾಗದಗಳು: ಅಪ್ಪ ಇದ್ದಾಗ ಅಪ್ಪ ಓದಿ ಹೇಳುತ್ತಿದ್ದ. ಅಪ್ಪ ಹೋದ ಮೇಲೆ ನಾನು ಬರೆದದ್ದನ್ನು ಆ ಮನೆಯಲ್ಲಿ ಓದುವವರೇ ಇರಲಿಲ್ಲ. ಎದುರಿಗೆ ಆಡಲಾಗದೆ ಕಾಗದದಲ್ಲಿ ಬರೆದ ನನ್ನ ಜ್ವರದ ಸುದ್ದಿ, ನನ್ನ ಜಗಳ, ಒಂದು ಮಗು ಹೊಟ್ಟೆಯಲ್ಲಿ ನಿಲ್ಲದೆ ಹೋದ ಸುದ್ದಿ, ಯಾವುದೂ ಅವಳಿಗೆ ತಲುಪಿರಲಿಲ್ಲ. ಮುತ್ತಿನಂಥ ಅಕ್ಷರ ಎಂದಳೇ ಹೊರತು ಒಂದು ದಿನವೂ ಅದರೊಳಗಿನ ಮಾತು ಎತ್ತಿರಲಿಲ್ಲ. ನಾನೂ ಗಮನಿಸಿರಲಿಲ್ಲ, ಹೊಗಳಿಕೆ ಸಾಕಾಗಿತ್ತು.

ನಾಲ್ಕು ಜನರ ಮುಂದೆ ಅವ್ವನ ಮಾನ ತೆಗೆದವಳು ನಾನು. ಅಣ್ಣನ ಕಡೆ ತಿರುಗಿ, "ಬಣ್ಣ ಒಣಗಿಲ್ಲ, ಬಿಸಿಲಿಗೆ ಹೊಳೀತಿದೆ, ಯಾರಿಗೂ ಕಾಣಲ್ಲ," ಎಂದೆ. ಅಣ್ಣ ನಂಬಿದನೋ ಇಲ್ಲವೋ, ಅವ್ವನನ್ನು ಕರೆದುಕೊಂಡು ಸ್ಟ್ಯಾಂಡಿನ ಕಡೆ ಹೊರಟ. ಪ್ರೆಸ್ಸಿನ ಮುದುಕರು ಕನ್ನಡಕ ಒರೆಸಿಕೊಳ್ಳುತ್ತ ಒಳಗೆ ಹೋದರು.

ಮಾರನೆಯ ಬೆಳಿಗ್ಗೆಯೇ ಮೊದಲಾಳಿಯ ಮನೆಗೆ ಹೋದೆ. ಕುಟ್ಟದ ಬೋರ್ಡಿಗೆ ಕೆಂಪು ಬಣ್ಣ, ಅದಾಗದಿದ್ದರೆ ಒಂದು ಕೆಂಪು ಪಟ್ಟಿ, ಅದೂ ಆಗದಿದ್ದರೆ ಮೂಲೆಯಲ್ಲಿ ಒಂದು ಹೂವು. ಅವರು ತಲೆ ಅಲ್ಲಾಡಿಸಿದರು. ಹಳದಿಯ ಮೇಲೆ ಕಪ್ಪು, ಅಕ್ಷರ ಬಿಟ್ಟು ಬೇರೇನೂ ಬೇಡ ಎಂದು ಮೊದಲೇ ಹೇಳಿಲ್ಲವೇ? ಕಾರಣ ಹೇಳಿಬಿಡಬಹುದಿತ್ತು. ಆದರೆ ಅವ್ವನ ಗುಟ್ಟನ್ನು ಇನ್ನೊಬ್ಬರ ಮುಂದೆ ಇಡಲು ಬಾಯಿ ಬರಲಿಲ್ಲ.

ಅಕ್ಷರ ಬಿಟ್ಟು ಬೇರೇನೂ ಬೇಡ ತಾನೇ? ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವಳು. ಕುಟ್ಟದ ಒತ್ತನ್ನು ನಾನು ಕಾಲ ಸಂದಿಯಲ್ಲಿ ತುರುಕಿದ್ದೆನಲ್ಲ, ಅದನ್ನು ಬಿಡಿಸಿದೆ. ಮೇಲಿನ ಅಕ್ಷರದಷ್ಟೇ ದಪ್ಪಗೆ ಕೆಳಗೆ ಇಳಿಸಿದೆ. ಅಂಚಿನ ಕಪ್ಪು ಗೆರೆಯನ್ನು ದಾಟಿಸಿ, ತಗಡು ಮುಗಿದು ಮರದ ಚೌಕಟ್ಟು ಶುರುವಾಗುವಲ್ಲಿಗೂ ನಿಲ್ಲಿಸದೆ, ಚೌಕಟ್ಟಿನ ಮೇಲೆಯೇ ಎಳೆದು ತುದಿಯನ್ನು ಮೇಲಕ್ಕೆ ಕೊಕ್ಕೆಯ ಹಾಗೆ ತಿರುಗಿಸಿದೆ. ತಿರುನೆಲ್ಲಿಯ ಒತ್ತು ಇದ್ದ ಹಾಗೇ ಒಳಗೆ ಮುದುಡಿಕೊಂಡಿತ್ತು. ಸಾಲಾಗಿ ನಿಂತ ಬಸ್ಸುಗಳಲ್ಲಿ ಒಂದರ ಬೋರ್ಡಿಗೆ ಮಾತ್ರ ಬಾಲ ಬಂತು.

ಮೊದಲಾಳಿ ನೋಡಿ ಹುಬ್ಬು ಗಂಟಿಕ್ಕಿದರು. "ಇದೆಂದಾ?" ಇದೇನು ಎಂದು.

"ಅಕ್ಷರ, ಮೊದಲಾಳಿ. ಕನ್ನಡದಲ್ಲಿ ಹಾಗೇ."

"ಇಷ್ಟು ಉದ್ದವೋ?"

"ಕೊಂಚ ಉದ್ದವೇ."

ಕನ್ನಡ ಓದಲು ಬಾರದವರು ಇನ್ನೇನು ಹೇಳಿಯಾರು? "ಶೆರಿ," ಎಂದು ಹೋದರು. ಒತ್ತಕ್ಷರದ ದೇವರು ನನ್ನನ್ನು ಕ್ಷಮಿಸಲಿ.

ಮುಂದಿನ ವಾರ ನಾನೇ ತವರಿಗೆ ಹೋದೆ. ಅವ್ವ ಹಿತ್ತಿಲಲ್ಲಿ ಶುಂಠಿ ಪಾತಿಗೆ ಸೊಪ್ಪು ಮುಚ್ಚುತ್ತಿದ್ದಳು. ಇಬ್ಬರೂ ಆ ದಿನದ ಮಾತು ಎತ್ತಲಿಲ್ಲ. ಬೂದಿಗುಡ್ಡೆಯಿಂದ ಒಂದು ಇದ್ದಿಲು ಆರಿಸಿ ಒರಳುಕಲ್ಲಿನ ಮೇಲೆ ಬೋರ್ಡಿನ ಎರಡೂ ಅಕ್ಷರವನ್ನು ಬಾಲ ಸಮೇತ ಬರೆದು, "ನಿನ್ನ ಬಸ್ಸು ಇನ್ನು ಹೀಗಿರುತ್ತೆ," ಎಂದೆ. ಅವ್ವ ಕೈಯ ಮಣ್ಣು ಒದರಿ ಬಗ್ಗಿ ನೋಡಿದಳು.

"ಕ್ವಾತಿ ಬಾಲ," ಎಂದಳು.

"ಹೂಂ. ಕೋತಿ ಬಾಲ."

"ಬರೆಯೋರ್ಗೆ ಬುದ್ಧಿ ಇಲ್ವಾ? ಅಷ್ಟುದ್ದ ಯಾಕ್ ಬುಟ್ರು?" ಎಂದಳು. ಅವಳ ಬಾಯಿಯ ಮೂಲೆ ಅಲುಗಿತು. ಅಂದಿನಿಂದ ನಾನು ಅವಳ ಮುಂದೆ ತಲೆ ಎತ್ತಿದ್ದು ಅದೇ ಮೊದಲು.

ಅಣ್ಣ ಸುಲಭಕ್ಕೆ ಒಪ್ಪಲಿಲ್ಲ. ಒಂದೇ ಒಂದು ಸಲ, ಅದೂ ತಪ್ಪಿದರೆ ಮುಗಿಯಿತು ಎಂದ. ನಮ್ಮ ದಾರಿಯಲ್ಲಿ ಸುದ್ದಿ ಕಳಿಸಲು ಬಸ್ಸಿನ ಕಂಡಕ್ಟರೇ ಗತಿ. ಔಷಧಿ, ಬೀಜ, ಮದುವೆಯ ಮಾತು, ಎಲ್ಲ ಅವರ ಚೀಲದಲ್ಲೇ ಓಡಾಡುತ್ತಿತ್ತು. ಅವ್ವ ಹಿಂತಿರುಗಿ ತಲುಪಿದರೆ ಮಾರನೆಯ ಬೆಳಗಿನ ಮೊದಲ ಬಸ್ಸಿನಲ್ಲಿ ಒಂದು ಚೀಟಿ ಬರೆದು ಕಳಿಸುತ್ತೇನೆ ಎಂದು ಅಣ್ಣ ಹೇಳಿದ.

ಅವ್ವ ಬಂದಳು, ಮೊಸರು, ಕೆಸುವಿನ ಸೊಪ್ಪು ತಂದಳು, ಸಂತೆಬೀದಿಯಲ್ಲಿ ಸುತ್ತು ಹಾಕಿದಳು. ಮೂರೂವರೆಗೆ ಸೆರಗು ಸಿಕ್ಕಿಸಿದಳು. ನಾನು ಎದ್ದು ನಿಂತೆ.

"ಕೂತ್ಕೊ," ಎಂದಳು.

ಅವಳು ಹೋದಳು. ನಾನು ಕೂತೆ, ಎದ್ದೆ, ಕುಂಚ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಹಿಂದೆಯೇ ಹೋಗಿ ಮರೆಯಲ್ಲಿ ನಿಂತು ನೋಡಬಹುದಿತ್ತು, ಹೋಗಲಿಲ್ಲ. ಅವಳು ತಿರುಗಿ ನೋಡಿದರೆ? ಸ್ಟ್ಯಾಂಡಿನಿಂದ ಬಸ್ಸು ಹೊರಡುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಯಾವುದು ಯಾವುದೋ. ಕತ್ತಲೆಯಾಗುವ ಹೊತ್ತಿಗೆ ಒಲೆಯ ಮೇಲಿನ ಸಾರು ತಳ ಹಿಡಿದಿತ್ತು. ನಮ್ಮ ಮನೆಯವರು ಅದನ್ನೇ ಬಡಿಸಿಕೊಂಡು ಉಂಡರು.

ಬೆಳಿಗ್ಗೆ ಮಂಜು ಕರಗುವ ಮೊದಲೇ ಸ್ಟ್ಯಾಂಡಿನಲ್ಲಿದ್ದೆ. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಡೆದೆ. ಬಸ್ಸು ಗೇಟಿನಲ್ಲಿ ತಿರುಗಿದಾಗ ಮಂಜಿನಲ್ಲಿ ಅಕ್ಷರ ಕಾಣಲಿಲ್ಲ, ಮೊದಲು ಕಂಡದ್ದು ಬಾಲ. ಕಂಡಕ್ಟರ್ ಇಳಿದು ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದ. ಅಣ್ಣನ ಮಲಯಾಳಂ ಗೀಚು ಇರುತ್ತದೆಂದು ಬಿಡಿಸಿದೆ.

ಕ್ಯಾಲೆಂಡರಿನ ಹಾಳೆಯ ಬೆನ್ನು. ಅದರ ಮೇಲೆ ಇದ್ದಿಲಿನಲ್ಲಿ ಒಂದೇ ಒಂದು ಪದ, ಕುಟ್ಟ. ತೆಳ್ಳಗೆ ಬರೆದು, ನನ್ನದರಷ್ಟು ದಪ್ಪ ಆಗುವ ತನಕ ಅದರ ಮೇಲೆಯೇ ಮತ್ತೆ ಮತ್ತೆ ಉಜ್ಜಿ, ಒಂದು ಕಡೆ ಹಾಳೆ ತೂತಾಗಿತ್ತು. ಒತ್ತು ಕೆಳಗಿಳಿದು ಹಾಳೆಯ ಅಂಚಿನ ತನಕ ಹೋಗಿ ಕೊಕ್ಕೆಯ ಹಾಗೆ ತಿರುಗಿತ್ತು.

"ನಿಮ್ಮ ಅಮ್ಮ ಕೊಟ್ಟದ್ದು," ಎಂದ ಕಂಡಕ್ಟರ್. "ಕೈ ತೋರ್ಸಿ ಬಸ್ಸು ನಿಲ್ಸಿದ್ರು. ಇದನ್ನ ಒಂದ್ಸಲ ನೋಡಿದ್ರು, ಬೋರ್ಡನ್ನ ಒಂದ್ಸಲ ನೋಡಿದ್ರು. ಶೆರಿಯಾಗಿದೆ ಅಂತ ಆದ ಮೇಲೇ ಕೈಗೆ ಕೊಟ್ಟಿದ್ದು."

ಅವ್ವ ನನಗೆ ಬರೆದ ಮೊದಲ ಕಾಗದ ಅದು. ನಾನು ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆ. ಬಸ್ಸು ಮತ್ತೆ ಕುಟ್ಟಕ್ಕೆ ಹೊರಡುವ ತನಕ ಏಳಲಿಲ್ಲ.